ಸ್ವಯಂಚಾಲಿತ ಶಾಟ್‌ಗನ್: ಒಡೆತನದ ಮೇಲಿನ ಕಾನೂನು ನಿರ್ಬಂಧಗಳ ಇತಿಹಾಸ

ಟ್ರಿಗರ್ ಒತ್ತಿ ಹಿಡಿದರೆ ಸಾಕು, ಬೆರಳು ತೆಗೆಯುವವರೆಗೆ ಅಥವಾ ಮ್ಯಾಗಜೀನ್ ಬರಿದಾಗುವವರೆಗೆ ಒಂದರ ಹಿಂದೊಂದು ಈಡು ಹಾರಿಸುತ್ತಲೇ ಹೋಗುವ ಚರೆಕೋವಿಗೆ ಪೂರ್ಣ ಸ್ವಯಂಚಾಲಿತ ಶಾಟ್‌ಗನ್ ಎಂದು ಹೆಸರು. ಪ್ರತಿ ಈಡಿಗೂ ಟ್ರಿಗರನ್ನು ಮತ್ತೆ ಎಳೆಯಬೇಕಾದ ಅರೆ ಸ್ವಯಂಚಾಲಿತ ಕೋವಿಗಳು ಬೇರೆ. ಜಾನ್ ಬ್ರೌನಿಂಗ್ 1900ರ ಸುಮಾರಿಗೆ ರೂಪಿಸಿದ ಪ್ರಸಿದ್ಧ ‘ಆಟೋ-5’ ಈ ಎರಡನೆಯ ಬಗೆಯದು. ಬೇಟೆಗಾರರ ಕೈಯಲ್ಲಿ ದಶಕಗಳ ಕಾಲ ಓಡಾಡಿದ ಅದಕ್ಕೂ ಇಲ್ಲಿ ಹೇಳುತ್ತಿರುವ ಆಯುಧಕ್ಕೂ ಕಾನೂನಿನ ಕಣ್ಣಿನಲ್ಲಿ ಅಜಗಜಾಂತರ.

ಈ ನಿರ್ಬಂಧಗಳ ಇತಿಹಾಸ ಬಹುಮಟ್ಟಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ್ದು. ಅಲ್ಲಿನ ಕೇಂದ್ರ ಕಾನೂನಿನಲ್ಲಿ ‘ಸ್ವಯಂಚಾಲಿತ ಶಾಟ್‌ಗನ್’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಬೇರೆ ಕೋವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಎರಡು ಅಳತೆಗೋಲುಗಳು ಇದನ್ನು ಎರಡು ಕಡೆಯಿಂದ ಹಿಡಿದವು. ಟ್ರಿಗರ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಮೊದಲನೆಯದು, ನಳಿಗೆಯ ರಂಧ್ರ ಎಷ್ಟು ಅಗಲ ಎಂಬುದು ಎರಡನೆಯದು. ಆಯುಧ ಇನ್ನೂ ಹುಟ್ಟುವ ಮೊದಲೇ ಅದನ್ನು ತಡೆಯುವ ಕಾನೂನು ಸಿದ್ಧವಾಗಿತ್ತು. ಶಾಸನ ಬರೆದವರು ಹೆಸರಿನ ಬದಲು ಕೆಲಸವನ್ನು ನೋಡಿ ವ್ಯಾಖ್ಯೆ ಕೊಟ್ಟದ್ದರಿಂದ ಇದು ಸಾಧ್ಯವಾಯಿತು.

ಮೊದಲ ಅಳತೆಗೋಲು ಬಂದದ್ದು 1934ರಲ್ಲಿ. ಪಾನನಿರೋಧದ ಕಾಲದ ಗ್ಯಾಂಗುಗಳ ಹಾವಳಿ ದೇಶವನ್ನು ನಡುಗಿಸಿತ್ತು. 1929ರ ಫೆಬ್ರವರಿ 14ರಂದು ಷಿಕಾಗೋದಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದವರ ಕೈಯಲ್ಲಿ ಥಾಂಪ್ಸನ್ ಸಬ್‌ಮಷಿನ್ ಗನ್ನುಗಳ ಜೊತೆಗೆ ಶಾಟ್‌ಗನ್ನುಗಳೂ ಇದ್ದವು. ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ಮುಂದಿಟ್ಟ ಮಸೂದೆಯಲ್ಲಿ ಮೊದಲು ಪಿಸ್ತೂಲು, ರಿವಾಲ್ವರುಗಳೂ ಸೇರಿದ್ದವು. ವಿರೋಧ ಬಂದು ಅವು ಬಿಟ್ಟುಹೋದವು. ಮಷಿನ್ ಗನ್, ನಳಿಗೆ ಕತ್ತರಿಸಿ ಮೋಟು ಮಾಡಿದ ಕೋವಿ, ಸೈಲೆನ್ಸರುಗಳು ಉಳಿದವು. ಜೂನ್ 26ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಈ ರಾಷ್ಟ್ರೀಯ ಬಂದೂಕು ಕಾಯಿದೆ ನಿಷೇಧ ಹೇರಲಿಲ್ಲ, ತೆರಿಗೆ ಹೇರಿತು. ತಯಾರಿಸಿದರೂ ಕೈ ಬದಲಾಯಿಸಿದರೂ 200 ಡಾಲರ್ ಕಟ್ಟಬೇಕು, ನೋಂದಣಿ ಮಾಡಿಸಬೇಕು. ಆ ಕಾಲಕ್ಕೆ ಒಂದು ಥಾಂಪ್ಸನ್ ಬಂದೂಕಿನ ಬೆಲೆಯೇ ಹೆಚ್ಚುಕಡಿಮೆ ಅಷ್ಟಿತ್ತು. ಅಪರಾಧ ನಿಯಂತ್ರಣ ಮುಖ್ಯವಾಗಿ ರಾಜ್ಯಗಳ ಅಧಿಕಾರವಾಗಿದ್ದುದರಿಂದ ಕಾಂಗ್ರೆಸ್ ತನ್ನ ತೆರಿಗೆಯ ಅಧಿಕಾರವನ್ನು ಆಶ್ರಯಿಸಿತು. 1937ರ ಸಾನ್‌ಜಿನ್‌ಸ್ಕಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಟ್ರಿಗರಿನ ಒಂದೇ ಕ್ರಿಯೆಗೆ, ಕೈಯಿಂದ ಮರುತುಂಬದೆ, ಒಂದಕ್ಕಿಂತ ಹೆಚ್ಚು ಈಡು ಹಾರಿಸುವ ಯಾವುದೇ ಆಯುಧ ಮಷಿನ್ ಗನ್ ಎಂಬುದು ಆ ಕಾಯಿದೆಯ ವ್ಯಾಖ್ಯೆಯ ತಿರುಳು. ಅದು ಹಾರಿಸುವುದು ಗುಂಡೋ ಚರೆಯೋ ಎಂದು ಕಾಯಿದೆ ಕೇಳುವುದಿಲ್ಲ.

ಆಯುಧ ಹೊಂದುವ ಸಾಂವಿಧಾನಿಕ ಹಕ್ಕಿನ ಎದುರು ಈ ಕಾಯಿದೆಯ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಒಂದು ಶಾಟ್‌ಗನ್ನಿನ ಮೇಲೆಯೇ. 18 ಅಂಗುಲಕ್ಕಿಂತ ಗಿಡ್ಡ ನಳಿಗೆಯ, ನೋಂದಾಯಿಸದ 12 ಬೋರ್ ಸ್ಟೀವನ್ಸ್ ಜೋಡುನಳಿಗೆಯನ್ನು ರಾಜ್ಯದ ಗಡಿ ದಾಟಿಸಿದ ಆರೋಪ ಜಾಕ್ ಮಿಲ್ಲರ್ ಮತ್ತು ಫ್ರ್ಯಾಂಕ್ ಲೇಟನ್ ಮೇಲಿತ್ತು. ನಾಗರಿಕ ಸೇನೆಯ ದಕ್ಷತೆಗೂ ಇಂಥ ಕೋವಿಗೂ ಸಂಬಂಧವಿದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು 1939ರ ಮೇ 15ರಂದು ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ತೀರ್ಪು ಬರೆದರು. ಪ್ರತಿವಾದಿಗಳ ಪರವಾಗಿ ವಾದಿಸಲು ಯಾವ ವಕೀಲರೂ ಹಾಜರಿರಲಿಲ್ಲ. ತೀರ್ಪು ಬರುವ ಮೊದಲೇ ಮಿಲ್ಲರ್ ಗುಂಡೇಟಿಗೆ ಸತ್ತಿದ್ದ. ಇಷ್ಟು ಏಕಪಕ್ಷೀಯವಾಗಿ ನಡೆದ ವಿಚಾರಣೆಯ ಮೇಲೆ ಎಪ್ಪತ್ತು ವರ್ಷಗಳ ಬಂದೂಕು ನ್ಯಾಯಶಾಸ್ತ್ರ ನಿಂತದ್ದು ಆರೋಗ್ಯಕರ ಸಂಗತಿಯಲ್ಲ.

1968ರ ಜನವರಿಯಲ್ಲಿ ಕಾಯಿದೆಗೆ ಪೆಟ್ಟು ಬಿತ್ತು. ನೋಂದಣಿಗೆ ಹೋದರೆ ತನ್ನ ಅಪರಾಧವನ್ನು ತಾನೇ ಒಪ್ಪಿಕೊಂಡಂತಾಗುತ್ತದೆ ಎಂಬ ವಾದವನ್ನು ಹೇನ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮಾನ್ಯ ಮಾಡಿತು. ಅಲ್ಲಿಯೂ ವಿವಾದದ ಮೂಲ ಮೋಟು ಶಾಟ್‌ಗನ್ನೇ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಬಂದೂಕು ನಿಯಂತ್ರಣ ಕಾಯಿದೆ ಈ ದೋಷವನ್ನು ಸರಿಪಡಿಸಿತು, ಜೊತೆಗೆ ಎರಡನೆಯ ಅಳತೆಗೋಲನ್ನೂ ತಂದಿತು: ಅರ್ಧ ಅಂಗುಲಕ್ಕಿಂತ ಅಗಲ ರಂಧ್ರದ ಆಯುಧ ‘ವಿನಾಶಕ ಸಾಧನ’. 12 ಬೋರಿನ ರಂಧ್ರ ಸುಮಾರು 18.5 ಮಿಲಿಮೀಟರ್, ಅಂದರೆ ಮುಕ್ಕಾಲು ಅಂಗುಲದ ಹತ್ತಿರ. ಬೇಟೆ, ಕ್ರೀಡೆಗೆ ವಿಶೇಷವಾಗಿ ತಕ್ಕುದೆಂದು ಒಪ್ಪಿತವಾದ ಶಾಟ್‌ಗನ್ನುಗಳಿಗೆ ವಿನಾಯಿತಿ ಕೊಡದಿದ್ದರೆ ಅಮೆರಿಕದ ರೈತರ ಮನೆಯ ಕೋವಿಯೂ ಅದರಲ್ಲಿ ಸೇರಿಬಿಡುತ್ತಿತ್ತು. ಯಾವುದು ಕ್ರೀಡೆಗೆ ತಕ್ಕುದು ಎಂದು ನಿರ್ಣಯಿಸುವ ಅಧಿಕಾರ ಖಜಾನೆ ಇಲಾಖೆಗೆ ಹೋಯಿತು.

ಆಯುಧ ಹುಟ್ಟಿದ್ದು ಈ ಹೊತ್ತಿನಲ್ಲೇ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಸೀಲ್ ದಳಕ್ಕಾಗಿ ರೆಮಿಂಗ್ಟನ್ 7188 ಎಂಬ ಕೋವಿ ಕೆಲವೇ ಸಂಖ್ಯೆಯಲ್ಲಿ ತಯಾರಾಯಿತು. 1972ರಲ್ಲಿ ಮ್ಯಾಕ್ಸ್‌ವೆಲ್ ಆಚಿಸನ್ ಎಂಬ ವಿನ್ಯಾಸಕ ಮುಂದೆ ಎಎ-12 ಎಂದು ಹೆಸರಾದ ಕೋವಿಯನ್ನು ರೂಪಿಸಿದ. ಒಳಗಿನ ಬೋಲ್ಟ್ ಹಿಂದಕ್ಕೆ ಬಹಳ ದೂರ ಸರಿಯುವಂತೆ ಮಾಡಿ ಒದೆತವನ್ನು ಪಳಗಿಸಿದ್ದು ಅದರ ಹೆಚ್ಚುಗಾರಿಕೆ. ನಿಮಿಷಕ್ಕೆ ಸುಮಾರು 300 ಈಡಿನ ವೇಗದಲ್ಲಿ 20 ತೋಟಾಗಳ ಡ್ರಮ್ ನಾಲ್ಕು ಸೆಕೆಂಡಿನಲ್ಲಿ ಖಾಲಿ. ತೋಟಾ ಒಂದಕ್ಕೆ ಒಂಬತ್ತು ದಪ್ಪ ಚರೆಯಂತೆ ಲೆಕ್ಕ ಹಾಕಿದರೆ 180 ಚರೆಗಳು. ಎದುರಿಗಿರುವವರು ಯಾರೆಂದು ನೋಡುವಷ್ಟು ಸಮಯವೂ ಉಳಿಯದ ಇಂಥ ಆಯುಧಕ್ಕೆ ಮನೆಯ ರಕ್ಷಣೆಯಲ್ಲಾಗಲಿ ಬೇಟೆಯಲ್ಲಾಗಲಿ ನ್ಯಾಯವಾದ ಸ್ಥಾನ ಇಲ್ಲ.

ಖಾಸಗಿ ಒಡೆತನದ ಬಾಗಿಲು ಮುಚ್ಚಿದ್ದು 1986ರಲ್ಲಿ. ಬಂದೂಕು ಮಾಲೀಕರಿಗೆ ಅನುಕೂಲ ಮಾಡಿಕೊಡಲೆಂದೇ ಬಂದ ಮಸೂದೆಯದು. ಅದಕ್ಕೆ ನ್ಯೂಜೆರ್ಸಿಯ ಪ್ರತಿನಿಧಿ ವಿಲಿಯಂ ಹ್ಯೂಸ್ ಒಂದು ತಿದ್ದುಪಡಿ ಸೇರಿಸಿದರು. ಏಪ್ರಿಲ್ 10ರಂದು ಅದು ಧ್ವನಿಮತದಿಂದ ಅಂಗೀಕೃತವಾದ ರೀತಿಯ ಬಗ್ಗೆ ಬಂದೂಕುಪರ ಸಂಘಟನೆಗಳ ತಕರಾರು ಇಂದಿಗೂ ನಿಂತಿಲ್ಲ. ಅಧ್ಯಕ್ಷ ರೇಗನ್ ಸಹಿ ಹಾಕಿದ ಮೇ 19ರ ನಂತರ ತಯಾರಾದ ಮಷಿನ್ ಗನ್ ಖಾಸಗಿಯವರ ಕೈಗೆ ಹೋಗುವಂತಿಲ್ಲ. ಸರ್ಕಾರಿ ಪಡೆಗಳು ಮತ್ತು ಅವುಗಳಿಗೆ ಮಾರುವ ಪರವಾನಗಿದಾರರಿಗಷ್ಟೇ ಅವಕಾಶ. ಅದಕ್ಕೆ ಮೊದಲು ನೋಂದಣಿಯಾದವನ್ನು ತೆರಿಗೆ ಕಟ್ಟಿ, ಬೆರಳಚ್ಚು ಕೊಟ್ಟು, ರಾಜ್ಯದ ಕಾನೂನು ಒಪ್ಪಿದರೆ ಇಂದಿಗೂ ಕೊಳ್ಳಬಹುದು. ಆಚಿಸನ್ ತನ್ನ ಹಕ್ಕುಗಳನ್ನು ಟೆನೆಸ್ಸಿಯ ಜೆರ್ರಿ ಬೇಬರ್‌ಗೆ ಮಾರಿದ್ದು 1987ರಲ್ಲಿ. ಬೇಬರ್ ಅದನ್ನು ವರ್ಷಗಟ್ಟಲೆ ತಿದ್ದಿ ಮುಗಿಸುವ ಹೊತ್ತಿಗೆ ನೋಂದಣಿ ಪುಸ್ತಕ ಮುಚ್ಚಿ ಬಹಳ ಕಾಲವಾಗಿತ್ತು.

ತಯಾರಕರಿಗೆ ಉಳಿದದ್ದು ಅರೆ ಸ್ವಯಂಚಾಲಿತ ರೂಪವೊಂದೇ. ಗಿಲ್ಬರ್ಟ್ ಎಕ್ವಿಪ್‌ಮೆಂಟ್ ಕಂಪನಿ ದಕ್ಷಿಣ ಕೊರಿಯಾದ ದೇವೂ ಕಾರ್ಖಾನೆಯಲ್ಲಿ ಮಾಡಿಸಿದ ಯುಎಸ್ಎಎಸ್-12 ಕೋವಿಯ ಆಮದಿಗೆ ಅನುಮತಿ ಸಿಗದೆ ನ್ಯಾಯಾಲಯಕ್ಕೆ ಹೋಗಿ 1989ರಲ್ಲಿ ಸೋತಿತು. 1994ರಲ್ಲಿ ಖಜಾನೆ ಕಾರ್ಯದರ್ಶಿ ಲಾಯ್ಡ್ ಬೆಂಟ್‌ಸನ್ ಅವರ ಇಲಾಖೆ ಎರಡನೆಯ ಅಳತೆಗೋಲನ್ನು ಕೈಗೆತ್ತಿಕೊಂಡಿತು. ಖಾಲಿಯಿದ್ದಾಗಲೇ ಐದೂವರೆ ಕಿಲೋ ಮೀರುವ ತೂಕ, 28 ತೋಟಾ ಹಿಡಿಯುವ ಡ್ರಮ್, ಸೈನಿಕ ವಿನ್ಯಾಸ, ಇವು ಯಾವ ಕ್ರೀಡೆಗೂ ಹೊಂದುವುದಿಲ್ಲವೆಂದು ಯುಎಸ್ಎಎಸ್-12 ಮಾರ್ಚ್ 1ರಿಂದ ವಿನಾಶಕ ಸಾಧನವಾಯಿತು. ಜೊತೆಗೆ ಸ್ಟ್ರೈಕರ್-12, ಸ್ಟ್ರೀಟ್ ಸ್ವೀಪರ್ ಕೋವಿಗಳೂ. ಆಗಲೇ ಕೊಂಡಿದ್ದವರಿಗೆ ತೆರಿಗೆಯಿಲ್ಲದೆ ನೋಂದಾಯಿಸಲು 2001ರ ಮೇ 1ರವರೆಗೆ ಸಮಯ ಸಿಕ್ಕಿತು. ಕಾನೂನಿಗೆ ಒಪ್ಪಿ ಕೊಂಡ ವಸ್ತು ರಾತ್ರೋರಾತ್ರಿ ಅಪರಾಧವಾಗದಂತೆ ನೋಡಿಕೊಂಡದ್ದು ಸರಿಯಾದ ಕ್ರಮ.

‘ಟ್ರಿಗರಿನ ಒಂದೇ ಕ್ರಿಯೆ’ಯ ಅರ್ಥದ ಜಗಳ ಮುಗಿದಿಲ್ಲ. ಅರೆ ಸ್ವಯಂಚಾಲಿತ ರೈಫಲನ್ನು ಮಷಿನ್ ಗನ್ನಿನ ವೇಗಕ್ಕೆ ಒಯ್ಯುವ ಬಂಪ್ ಸ್ಟಾಕ್ ಆ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು 2024ರ ಜೂನ್ 14ರಂದು ಸುಪ್ರೀಂ ಕೋರ್ಟು 6–3 ಬಹುಮತದಿಂದ ಹೇಳಿತು. 2025ರ ಕಾನೂನು ಸೈಲೆನ್ಸರ್ ಮತ್ತು ಮೋಟು ಕೋವಿಗಳ ತೆರಿಗೆಯನ್ನು ಸೊನ್ನೆಗಿಳಿಸಿತಾದರೂ ಮಷಿನ್ ಗನ್, ವಿನಾಶಕ ಸಾಧನಗಳ 200 ಡಾಲರನ್ನು ಮುಟ್ಟಲಿಲ್ಲ.

ಬ್ರಿಟನ್ ಸ್ವಯಂಚಾಲಿತ ಆಯುಧಗಳನ್ನು ಎರಡನೆಯ ಮಹಾಯುದ್ಧಕ್ಕೆ ಮೊದಲೇ ನಿಷೇಧಿತ ಪಟ್ಟಿಗೆ ಸೇರಿಸಿತ್ತು. 1987ರ ಹಂಗರ್‌ಫರ್ಡ್ ಹತ್ಯಾಕಾಂಡದ ನಂತರ ಎರಡಕ್ಕಿಂತ ಹೆಚ್ಚು ತೋಟಾ ಹಿಡಿಯುವ ಅರೆ ಸ್ವಯಂಚಾಲಿತ ಮತ್ತು ಪಂಪ್ ಶಾಟ್‌ಗನ್ನುಗಳಿಗೂ ಬಿಗಿಯಾದ ಪರವಾನಗಿ ಬಂತು. ಆಸ್ಟ್ರೇಲಿಯಾ 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ಅದೇ ದಾರಿ ಹಿಡಿಯಿತು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯೂ ಹೆಸರು ಹೇಳದೆ ಕೆಲಸವನ್ನೇ ವಿವರಿಸುತ್ತದೆ. ಟ್ರಿಗರ್ ಮೇಲಿನ ಒತ್ತಡ ತೆಗೆಯುವವರೆಗೆ ಅಥವಾ ಮ್ಯಾಗಜೀನ್ ಬರಿದಾಗುವವರೆಗೆ ಹಾರಿಸುತ್ತಲೇ ಇರುವ ಆಯುಧ ನಿಷೇಧಿತ. 7ನೆಯ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7, ಗರಿಷ್ಠ 14 ವರ್ಷ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದ, 2029ರವರೆಗೆ ವಿಸ್ತರಣೆಯಾದ, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿದ ವಿನಾಯಿತಿ ಲೈಸೆನ್ಸ್ ಪಡೆಯುವ ಬಾಧ್ಯತೆಗೆ ಸಂಬಂಧಿಸಿದ್ದು. ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜಿಸುವ ಕೋವಿಯ ಪರಂಪರೆಯನ್ನು ಅದು ಕಾಯುತ್ತದೆ. ನಿಷೇಧಿತ ಆಯುಧಗಳ ವಿಷಯ 7ನೆಯ ಕಲಮಿನಲ್ಲಿ ಪ್ರತ್ಯೇಕವಾಗಿಯೇ ಇದೆ.