ದಾರಿಯಲ್ಲಿ ಸಿಕ್ಕ ಕಾಡಾಮೆ: ಸ್ನ್ಯಾಪಿಂಗ್ ಆಮೆಯನ್ನು ಕಂಡಾಗ ಮಾಡಬೇಕಾದುದೇನು?

ಆಮೆಯೆಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವ ಚಿತ್ರ ಸಾತ್ವಿಕವಾದುದು. ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತ ಕೂರ್ಮಾವತಾರ, ಪಂಚತಂತ್ರದ ವಾಚಾಳಿ ಆಮೆ, ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಅಂಗಾಂಗಗಳನ್ನು ಒಳಗೆಳೆದುಕೊಂಡು ಸ್ಥಿತಪ್ರಜ್ಞನಿಗೆ ಉಪಮಾನವಾಗುವ ಆಮೆ, ಇವು ನಾವು ಬಾಲ್ಯದಿಂದ ಬಲ್ಲ ಆಮೆಗಳು. ಉತ್ತರ ಅಮೆರಿಕದ ಸ್ನ್ಯಾಪಿಂಗ್ ಆಮೆ ಈ ಯಾವ ಚಿತ್ರಕ್ಕೂ ಹೊಂದುವುದಿಲ್ಲ. ಅದು ಅಂಗಗಳನ್ನು ಒಳಗೆಳೆದುಕೊಳ್ಳಲಾರದು, ಆದುದರಿಂದಲೇ ಕಚ್ಚುತ್ತದೆ. ಕನ್ನಡದಲ್ಲಿ ಅದಕ್ಕೆ ರೂಢಿಯ ಹೆಸರಿಲ್ಲವಾದ್ದರಿಂದ ಇಂಗ್ಲಿಷಿನ ಹೆಸರನ್ನೇ ಇಲ್ಲಿ ಬಳಸಿದ್ದೇನೆ.

ನಾನು ವೃತ್ತಿಯಿಂದ ವೈದ್ಯ, ಪ್ರಾಣಿಶಾಸ್ತ್ರಜ್ಞನಲ್ಲ. ಆದರೆ ಲಾಸ್ ಏಂಜಲೀಸ್ ಕೌಂಟಿಯ ಪೂರ್ವದಂಚಿನ ಪೊಮೊನಾದಲ್ಲಿ ನೆಲೆಸಿರುವ ನನಗೆ, ಮಕ್ಕಳು ಮನೆಗೆ ತಂದ ಆಮೆಗಳ ಕುರಿತು ಪರಿಚಿತರಿಂದ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಆ ಪ್ರಶ್ನೆಗಳಲ್ಲಿ ಆರೋಗ್ಯ, ಕಾನೂನು, ಪಾಪಪುಣ್ಯ ಮೂರೂ ಬೆರೆತಿರುತ್ತವೆ. ಅವನ್ನು ಒಂದೊಂದಾಗಿ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಪ್ರಾಣಿಯ ಪರಿಚಯ

ಸಾಮಾನ್ಯ ಸ್ನ್ಯಾಪಿಂಗ್ ಆಮೆಯ ಶಾಸ್ತ್ರೀಯ ನಾಮ ಕೆಲಿಡ್ರಾ ಸರ್ಪೆಂಟಿನಾ. ಹಾವಿನಂತೆ ನೀಳವಾಗಿ ಚಾಚುವ ಕತ್ತು ಈ ಹೆಸರಿಗೆ ಒಪ್ಪುತ್ತದೆ. ದಕ್ಷಿಣ ಕೆನಡಾದಿಂದ ಫ್ಲಾರಿಡಾದವರೆಗೆ, ಪಶ್ಚಿಮಕ್ಕೆ ರಾಕಿ ಪರ್ವತಗಳ ತಪ್ಪಲಿನವರೆಗೆ ಅದರ ಸಹಜ ನೆಲೆ. ಬೆನ್ನಚಿಪ್ಪು ಸಾಮಾನ್ಯವಾಗಿ 20ರಿಂದ 36 ಸೆಂಟಿಮೀಟರ್ ಉದ್ದವಿರುತ್ತದೆ. ತೂಕ ಸುಮಾರು 5ರಿಂದ 16 ಕಿಲೋಗ್ರಾಂ. ನ್ಯೂಯಾರ್ಕ್ ಸಂಸ್ಥಾನವು 2006ರಲ್ಲಿ ಇದನ್ನು ತನ್ನ ಅಧಿಕೃತ ಸರೀಸೃಪವೆಂದು ಘೋಷಿಸಿತು.

ಬಹುತೇಕ ಆಮೆಗಳಿಗೆ ಹೊಟ್ಟೆಯ ಕಡೆಯೂ ಅಗಲವಾದ ಚಿಪ್ಪಿರುತ್ತದೆ. ಇದಕ್ಕಿರುವುದು ಶಿಲುಬೆಯಾಕಾರದ ಕಿರಿದಾದ ಚಿಪ್ಪು ಮಾತ್ರ. ನೀರಿನಲ್ಲಿ ಮನುಷ್ಯನನ್ನು ಕಂಡರೆ ಅದು ಸದ್ದಿಲ್ಲದೆ ಸರಿದುಹೋಗುತ್ತದೆ. ನೆಲದ ಮೇಲೆ ಸಿಕ್ಕಿಬಿದ್ದಾಗ ಅಡಗಿಕೊಳ್ಳಲು ಚಿಪ್ಪು ಸಾಲದು, ಓಡಲು ವೇಗ ಸಾಲದು, ಉಳಿಯುವುದು ದವಡೆಯೊಂದೇ. ಗುಡುಗು ಬರುವವರೆಗೂ ಹಿಡಿದದ್ದನ್ನು ಬಿಡದೆಂಬ ಅಮೆರಿಕದ ಜನಪದ ನಂಬಿಕೆ ನಮ್ಮ ‘ಉಡದ ಹಿಡಿತ’ವನ್ನು ನೆನಪಿಸುತ್ತದೆ. ವಾಸ್ತವದಲ್ಲಿ ಪ್ರಯೋಗಗಳಲ್ಲಿ ಅಳೆದ ಇದರ ಕಚ್ಚುಬಲ ಸುಮಾರು 200 ನ್ಯೂಟನ್. ಮನುಷ್ಯನ ದವಡೆಹಲ್ಲುಗಳ ಬಲ ಇದಕ್ಕಿಂತ ಹೆಚ್ಚು. ಆದರೆ ಚೂಪಾದ ಅಂಚುಳ್ಳ ಕೊಕ್ಕಿನಂಥ ಬಾಯಿ ಬೆರಳಿಗೆ ಆಳವಾದ ಗಾಯ ಮಾಡಬಲ್ಲುದು.

ಹೆಣ್ಣು ಮೇ-ಜೂನ್ ತಿಂಗಳಲ್ಲಿ ನೀರಿನಿಂದ ಹೊರಬಂದು ಮಣ್ಣಿನಲ್ಲಿ ಗುಳಿ ತೋಡಿ, ಸಾಮಾನ್ಯವಾಗಿ 20ರಿಂದ 40 ಮೊಟ್ಟೆಗಳನ್ನಿಡುತ್ತದೆ. ಮರಿ ಹೆಣ್ಣೋ ಗಂಡೋ ಎಂಬುದು ಗೂಡಿನ ಉಷ್ಣತೆಯಿಂದ ನಿರ್ಧಾರವಾಗುತ್ತದೆ. ಮೊಟ್ಟೆಗಳಲ್ಲಿ ಹೆಚ್ಚಿನವು ರಕೂನ್, ನರಿ ಮೊದಲಾದವುಗಳ ಪಾಲಾಗುತ್ತವೆ. ಈ ನಷ್ಟವನ್ನು ತುಂಬುವುದು ದೀರ್ಘಾಯುಷ್ಯ. ಕೆನಡಾದ ಆಂಟೇರಿಯೊದ ಅಲ್ಗಾಂಕ್ವಿನ್ ಉದ್ಯಾನದಲ್ಲಿ 1972ರಿಂದ ನಡೆಯುತ್ತಿರುವ ಅಧ್ಯಯನವು, ಅಲ್ಲಿಯ ಹೆಣ್ಣುಗಳು ಪ್ರಾಯಕ್ಕೆ ಬರಲು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬೇಕೆಂದು ತೋರಿಸಿದೆ. 1980ರ ದಶಕದ ಕೊನೆಯಲ್ಲಿ ನೀರುನಾಯಿಗಳು ಅಲ್ಲಿಯ ಅನೇಕ ವಯಸ್ಕ ಆಮೆಗಳನ್ನು ಕೊಂದವು. ಎರಡು ದಶಕಗಳು ಕಳೆದರೂ ಆ ಸಂಖ್ಯೆ ಚೇತರಿಸಿಕೊಳ್ಳಲಿಲ್ಲ. ಸಹಜ ನೆಲೆಯಲ್ಲಿ ರಸ್ತೆ ದಾಟುವ ಒಂದು ಹೆಣ್ಣಾಮೆಯ ಸಾವು ಏಕೆ ದೊಡ್ಡ ನಷ್ಟವೆಂಬುದು ಇದರಿಂದ ತಿಳಿಯುತ್ತದೆ.

ಪೊಮೊನಾದಲ್ಲಿ ಅದು ಪರಸ್ಥಳದ್ದು

ರಾಕಿ ಪರ್ವತಗಳ ಪಶ್ಚಿಮಕ್ಕೆ ಬಂದೊಡನೆ ಕಥೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸ್ನ್ಯಾಪಿಂಗ್ ಆಮೆ ಸ್ಥಳೀಯ ಪ್ರಾಣಿಯಲ್ಲ. ಇಲ್ಲಿ ಕಂಡುಬರುವವು ಯಾರೋ ತಂದು ಸಾಕಿ ಬಿಟ್ಟವು, ತಪ್ಪಿಸಿಕೊಂಡವು ಅಥವಾ ಅವುಗಳ ಸಂತತಿ. ಸಂಸ್ಥಾನದ ನಿಯಮಾವಳಿಯ ನಿರ್ಬಂಧಿತ ಪ್ರಾಣಿಗಳ ಪಟ್ಟಿಯಲ್ಲಿ ಈ ಕುಟುಂಬದ ಎಲ್ಲ ಆಮೆಗಳೂ ಸೇರಿವೆ. ಪರವಾನಗಿಯಿಲ್ಲದೆ ಅವುಗಳನ್ನು ತರುವುದು, ಸಾಗಿಸುವುದು, ಇಟ್ಟುಕೊಳ್ಳುವುದು ಅಪರಾಧ. ಪರಸ್ಥಳದ ಯಾವುದೇ ವನ್ಯಪ್ರಾಣಿಯನ್ನು ಅನುಮತಿಯಿಲ್ಲದೆ ಕೆರೆತೊರೆಗಳಿಗೆ ಬಿಡುವುದಕ್ಕೂ ನಿಷೇಧವಿದೆ.

ಈ ಸಂಸ್ಥಾನಕ್ಕೆ ಸಿಹಿನೀರಿನ ಸ್ಥಳೀಯ ಆಮೆಯೆಂದು ಉಳಿದಿರುವುದು ಪಾಂಡ್ ಆಮೆಯೊಂದೇ. ಹಿಂದೆ ಒಂದೇ ಪ್ರಭೇದವೆಂದು ಎಣಿಸಿದ್ದ ಇದನ್ನು ಈಗ ವಾಯವ್ಯ ಮತ್ತು ನೈಋತ್ಯ ಎಂದು ಎರಡಾಗಿ ವಿಂಗಡಿಸುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ್ದು ನೈಋತ್ಯ ಪಾಂಡ್ ಆಮೆ. ತೊರೆಗಳನ್ನು ಕಾಂಕ್ರೀಟ್ ಕಾಲುವೆಗಳಾಗಿಸಿದ್ದು, ಜೌಗುನೆಲಗಳನ್ನು ತುಂಬಿಸಿದ್ದು, ಬುಲ್‌ಫ್ರಾಗ್ ಕಪ್ಪೆಯಂಥ ಹೊರಗಿನ ಬೇಟೆಗಾರರನ್ನು ತಂದದ್ದು ಇವೆಲ್ಲದರಿಂದ ಅದು ನಲುಗಿದೆ. 2023ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯು ಎರಡೂ ಪ್ರಭೇದಗಳನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಲು ಪ್ರಸ್ತಾಪಿಸಿತು. ಪೊಮೊನಾದ ನೆರೆಯ ಪಡ್ಡಿಂಗ್‌ಸ್ಟೋನ್ ಜಲಾಶಯದಂಥ ನೀರಿಗೆ ನಾವು ಬಿಡುವ ಒಂದೊಂದು ಹೊಸ ಆಮೆಯೂ ಇಂಥ ದುರ್ಬಲ ಜೀವಿಯ ಪಾಲಿನ ಆಹಾರಕ್ಕೆ, ಬಿಸಿಲು ಕಾಯುವ ಜಾಗಕ್ಕೆ ಪೈಪೋಟಿ ನಡೆಸುತ್ತದೆ, ರೋಗವನ್ನೂ ತರಬಹುದು.

ಗುರುತಿಸುವ ಬಗೆ

ನಿರ್ಧಾರಕ್ಕೆ ಮೊದಲು ಗುರುತು ಹಿಡಿಯಬೇಕು. ಬೆನ್ನಚಿಪ್ಪಿನಷ್ಟೇ ಉದ್ದವಾದ, ಮೇಲೆ ಗರಗಸದಂಥ ಮುಳ್ಳುಸಾಲುಳ್ಳ ಬಾಲ. ಚಿಪ್ಪಿನೊಳಗೆ ಹಿಡಿಯದಷ್ಟು ದೊಡ್ಡ ತಲೆ. ಹಿಂಬದಿಯಲ್ಲಿ ಹಲ್ಲುಹಲ್ಲಾದ ಚಿಪ್ಪಿನಂಚು: ಇವು ಸ್ನ್ಯಾಪಿಂಗ್ ಆಮೆಯ ಲಕ್ಷಣಗಳು. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿದ್ದರೆ ಅದು ಕೆಂಪುಕಿವಿಯ ಸ್ಲೈಡರ್. ನಗರದ ಕೊಳಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ, ಇದೂ ಪರಸ್ಥಳದ್ದು. ಪಟ್ಟಿಯಿಲ್ಲದ, ಕಂದು ಅಥವಾ ಹಸಿರುಗಂದು ಬಣ್ಣದ, 20 ಸೆಂಟಿಮೀಟರ್ ಮೀರದ ನಯವಾದ ಚಿಪ್ಪಿನದು ಸ್ಥಳೀಯ ಪಾಂಡ್ ಆಮೆಯಿರಬಹುದು. ಅದನ್ನು ಮುಟ್ಟದೆ ಇದ್ದಲ್ಲಿಯೇ ಬಿಡಬೇಕು. ಅನುಮಾನವಿದ್ದರೆ ದೂರದಿಂದ ತೆಗೆದ ಛಾಯಾಚಿತ್ರವೇ ಸಾಕು.

ಕಂಡಾಗ ಮಾಡಬೇಕಾದುದು

ಕ್ಯಾಲಿಫೋರ್ನಿಯಾದಲ್ಲಿ ಸ್ನ್ಯಾಪಿಂಗ್ ಆಮೆ ಸಿಕ್ಕರೆ ಎತ್ತಬೇಡಿ, ಮನೆಗೆ ತರಬೇಡಿ, ಬೇರೆ ನೀರಿಗೆ ಬಿಡಬೇಡಿ. ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ಚಿತ್ರ ತೆಗೆದು, ಸ್ಥಳ ಮತ್ತು ಸಮಯವನ್ನು ಬರೆದಿಟ್ಟುಕೊಂಡು, ಊರಿನ ಪ್ರಾಣಿ ನಿಯಂತ್ರಣ ಸಂಸ್ಥೆಗೂ ಸಂಸ್ಥಾನದ ಮೀನು ಮತ್ತು ವನ್ಯಜೀವಿ ಇಲಾಖೆಗೂ ತಿಳಿಸಿ. ಪೊಮೊನಾದಲ್ಲಿ ಈ ಕೆಲಸವನ್ನು ಇನ್‌ಲ್ಯಾಂಡ್ ವ್ಯಾಲಿ ಹ್ಯೂಮೇನ್ ಸೊಸೈಟಿ ನಿರ್ವಹಿಸುತ್ತದೆ.

ನ್ಯೂಜೆರ್ಸಿ, ಮಿಷಿಗನ್, ಆಂಟೇರಿಯೊಗಳಲ್ಲಿರುವ ಓದುಗರಿಗೆ ಇದರ ವಿರುದ್ಧವಾದ ಸಲಹೆ. ಅಲ್ಲಿ ಅದು ತನ್ನ ಮನೆಯಲ್ಲಿಯೇ ಇದೆ. ಹಿತ್ತಲಲ್ಲಿ ಮೊಟ್ಟೆಯಿಡುತ್ತಿದ್ದರೆ ಕೆಲವು ಗಂಟೆ ಸುಮ್ಮನೆ ಬಿಟ್ಟುಬಿಡಿ; ತಾನೇ ಮರಳುತ್ತದೆ. ರಸ್ತೆಯಲ್ಲಿದ್ದರೆ, ನಿಮ್ಮ ಸುರಕ್ಷತೆ ನೋಡಿಕೊಂಡು, ಅದು ಹೊರಟಿದ್ದ ದಿಕ್ಕಿಗೇ ದಾಟಿಸಿ. ಹಿಂದಕ್ಕೆ ಬಿಟ್ಟರೆ ಮತ್ತೆ ರಸ್ತೆಗಿಳಿಯುತ್ತದೆ. ಕಾರಿನ ಕಾಲೊರಸು ಅಥವಾ ಸಲಿಕೆಯ ಮೇಲೆ ಹತ್ತಿಸಿ ಎಳೆಯುವುದು ಸುಲಭ. ಬಾಲ ಹಿಡಿದು ಎತ್ತಲೇಬಾರದು. ಬೆನ್ನುಹುರಿಯ ಮೂಳೆಗಳಿಗೆ ಪೆಟ್ಟಾಗುತ್ತದೆ. ಚಿಪ್ಪಿನ ಪಕ್ಕಗಳನ್ನು ಹಿಡಿಯುವುದೂ ಸಲ್ಲದು. ಕತ್ತು ಅಲ್ಲಿಯವರೆಗೂ ಚಾಚುತ್ತದೆ.

ವೈದ್ಯನಾಗಿ ಕೆಲವು ಮಾತು

ಕಚ್ಚಿ ಹಿಡಿದರೆ ಕೈಯನ್ನು ಜಗ್ಗಬೇಡಿ, ಗಾಯ ಸೀಳುತ್ತದೆ. ಸಾಧ್ಯವಾದರೆ ಆಮೆಯನ್ನು ನೀರಿಗಿಳಿಸಿ; ತಪ್ಪಿಸಿಕೊಳ್ಳುವ ದಾರಿ ಕಂಡೊಡನೆ ಸಾಮಾನ್ಯವಾಗಿ ಬಿಡುತ್ತದೆ. ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಚೆನ್ನಾಗಿ ತೊಳೆಯಿರಿ. ಸರೀಸೃಪಗಳಿಂದ ರೇಬೀಸ್ ಬರುವುದಿಲ್ಲ. ಆ ಭಯ ಬೇಡ. ಆದರೆ ಕೊನೆಯ ಧನುರ್ವಾಯು ಚುಚ್ಚುಮದ್ದು ಪಡೆದು ಐದು ವರ್ಷ ಮೀರಿದ್ದರೆ ಮತ್ತೊಂದು ಬೇಕಾಗುತ್ತದೆ. ಸಿಹಿನೀರಿನ ಗಾಯಗಳಲ್ಲಿ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ತೀವ್ರ ಸೋಂಕು ಮಾಡಬಲ್ಲುದು. ಬೆರಳಿನ ಗಾಯ ಆಳವಾಗಿದ್ದರೆ, ಗಂಟು ಮಡಿಸಲಾಗದಿದ್ದರೆ, ಕೆಂಪು ಹರಡುತ್ತಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಮಧುಮೇಹಿಗಳಿಗೆ ಈ ಮಾತು ಇಮ್ಮಡಿಯಾಗಿ ಅನ್ವಯಿಸುತ್ತದೆ.

ಕಚ್ಚುವುದಕ್ಕಿಂತ ಹೆಚ್ಚು ಜನರನ್ನು ಕಾಡುವುದು ಸಾಲ್ಮೊನೆಲ್ಲಾ. ಆರೋಗ್ಯವಾಗಿ ಕಾಣುವ ಆಮೆಯ ಕರುಳಿನಲ್ಲಿಯೂ ಅದು ಇರಬಹುದು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಪುಟ್ಟ ಸಾಕಾಮೆಗಳಿಂದ ವರ್ಷಕ್ಕೆ ಸುಮಾರು 2,80,000 ಸೋಂಕುಗಳು ಉಂಟಾಗುತ್ತಿದ್ದವೆಂದು ಅಂದಾಜು ಮಾಡಲಾಗಿತ್ತು. 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿದ್ದು ಈ ಕಾರಣದಿಂದಲೇ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು ಇರುವ ಮನೆಗೆ ಆಮೆ ತಕ್ಕುದಲ್ಲ. ಅಡುಗೆಮನೆಯ ಸಿಂಕಿನಲ್ಲಿ ಅದರ ತೊಟ್ಟಿಯನ್ನು ತೊಳೆಯಲೇಬಾರದು.

ಪುಣ್ಯದ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಪರಿಚಿತ ಕುಟುಂಬವೊಂದರ ಮನೆಯ ಬಳಿ, ಮಳೆಯ ಮರುದಿನ, ಇಂಥ ಆಮೆಯೊಂದು ಕಂಡಿತು. ಹುಡುಗ ಅದರ ಮೇಲೆ ಬಟ್ಟೆಯ ಬುಟ್ಟಿ ಕವುಚಿ ನನಗೆ ಚಿತ್ರ ಕಳುಹಿಸಿದ. ಗರಗಸದ ಬಾಲ ಸ್ಪಷ್ಟವಾಗಿತ್ತು. ಪ್ರಾಣಿ ನಿಯಂತ್ರಣದವರಿಗೆ ಕರೆ ಮಾಡಲು ಹೇಳಿದೆ. ಹಾಸನದಿಂದ ಬಂದಿದ್ದ ಅವನ ಅಜ್ಜಿ ಫೋನ್ ತೆಗೆದುಕೊಂಡು, “ಡಾಕ್ಟ್ರೇ, ಬಾಗಿಲಿಗೆ ಬಂದ ಕೂರ್ಮ ಇದು. ಅವರು ತಗೊಂಡು ಹೋಗಿ ಏನ್ ಮಾಡ್ತಾರೆ?” ಎಂದು ಕೇಳಿದರು.

“ಪರವಾನಗಿ ಇರೋ ಜಾಗ ಸಿಕ್ಕಿದ್ರೆ ಅಲ್ಲಿ ಇಡ್ತಾರೆ ಅಮ್ಮ. ಸಿಗದೇ ಹೋದ್ರೆ ನೋವಿಲ್ಲದ ಹಾಗೆ ಮುಗಿಸಲೂಬಹುದು” ಎಂದೆ.

“ಕೆರೆಗೆ ಬಿಟ್ಟಿದ್ರೆ ಬದುಕಿಕೊಳ್ತಿತ್ತಲ್ಲ?”

“ಇದು ಬದುಕಿಕೊಳ್ತಿತ್ತು. ಅಲ್ಲಿರೋ ಮೀನು, ಕಪ್ಪೆ, ಆಮೆಮರಿಗಳಿಗೆ ಕಷ್ಟ ಆಗ್ತಿತ್ತು.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ಮೊಮ್ಮಗನಿಗೆ, ಬಿಸಿಲಲ್ಲಿ ಒಣಗುತ್ತಿದೆ, ಬುಟ್ಟಿಯ ಮೇಲೆ ನೀರು ಹಾಕು ಎಂದು ಹೇಳಿದ್ದು ಕೇಳಿಸಿತು. ಅವರು ನನ್ನ ಮಾತನ್ನು ಒಪ್ಪಿದರೆಂದು ಹೇಳಲಾರೆ.

ಆ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಕಣ್ಣೆದುರಿನ ಜೀವಕ್ಕೆ ಮರುಗುವುದು ದಯೆಯ ಮೊದಲ ಮೆಟ್ಟಿಲು. ಆದರೆ ದಯೆ ಕಣ್ಣಿಗೆ ಬೀಳದ ಜೀವಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನಮ್ಮ ವೃತ್ತಿಯಲ್ಲಿಯೂ ಹೀಗೆಯೇ: ಎದುರಿನ ರೋಗಿ ಬೇಡಿದನೆಂದು ಅನಗತ್ಯವಾಗಿ ಕೊಟ್ಟ ಆ್ಯಂಟಿಬಯೋಟಿಕ್, ನಾವು ಎಂದೂ ಕಾಣದ ಇನ್ನೊಬ್ಬ ರೋಗಿಗೆ ಮದ್ದಿಲ್ಲದಂತೆ ಮಾಡುತ್ತದೆ. ಹಿಡಿದ ಆಮೆಯ ಗತಿಯ ಹೊಣೆ ಕರೆ ಮಾಡಿದವರದ್ದಕ್ಕಿಂತ, ಅದನ್ನು ಸಾವಿರಾರು ಮೈಲಿ ದೂರದಿಂದ ತಂದು ಬೇಸರವಾದಾಗ ಬಿಟ್ಟವರದ್ದು.

ತಾಯ್ನಾಡಿನ ಪಾಠ

ನಮ್ಮ ನಾಡಿನಲ್ಲಿಯೂ ಇದೇ ಕಥೆಯ ಇನ್ನೊಂದು ಮುಖವಿದೆ. ಒಣಭೂಮಿಯ ನಕ್ಷತ್ರ ಆಮೆಯನ್ನು ಅದೃಷ್ಟದ ಹೆಸರಿನಲ್ಲಿ ಹಿಡಿದು ಮಾರುತ್ತಾರೆ, ವಿದೇಶಗಳಿಗೆ ಕದ್ದು ಸಾಗಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. 2019ರಲ್ಲಿ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನೂ ನಿಷೇಧಿಸಲಾಯಿತು. ಅಮೆರಿಕದ ಕೆಂಪುಕಿವಿಯ ಸ್ಲೈಡರ್ ಸಾಕುಪ್ರಾಣಿಯಾಗಿ ಭಾರತವನ್ನು ತಲುಪಿ ಅಲ್ಲಿಯ ಕೆರೆಕುಂಟೆಗಳನ್ನೂ ಸೇರಿದೆ.

ಆಶಾದಾಯಕ ಉದಾಹರಣೆ ಕಾಸರಗೋಡಿನದು. ಚಂದ್ರಗಿರಿ ಹೊಳೆಯಲ್ಲಿ ಒಂದು ಮೀಟರಿನಷ್ಟು ಬೆಳೆಯಬಲ್ಲ, ಅತಿ ಅಪರೂಪದ ಕ್ಯಾಂಟರನ ಮೃದುಚಿಪ್ಪಿನ ದೈತ್ಯಾಮೆ ಇದೆ. ಸಂಶೋಧಕಿ ಆಯುಷಿ ಜೈನ್ ಮತ್ತು ಸಂಗಡಿಗರು ದಡದ ಜನರ ತಿಳಿವಳಿಕೆಯನ್ನೇ ಆಧರಿಸಿ ಅದನ್ನು ಹುಡುಕಿ, ಅದರ ಗೂಡನ್ನೂ ದಾಖಲಿಸಿದರು. ಬಲೆಗೆ ಆಕಸ್ಮಿಕವಾಗಿ ಸಿಕ್ಕ ಆಮೆಯ ಸುದ್ದಿ ತಿಳಿಸಿ, ಅದನ್ನು ಅದೇ ಹೊಳೆಗೆ ಮರಳಿ ಬಿಡಲು ನೆರವಾದವರು ಸ್ಥಳೀಯರೇ.

ಚಂದ್ರಗಿರಿಯಲ್ಲಿ ನೀರಿಗೆ ಬಿಡುವುದು ಸರಿ, ಪೊಮೊನಾದಲ್ಲಿ ತಪ್ಪು. ಎರಡೂ ಕಡೆ ಕೇಳಿಕೊಳ್ಳಬೇಕಾದ ಪ್ರಶ್ನೆ ಮಾತ್ರ ಒಂದೇ: ಈ ಪ್ರಾಣಿ ಇಲ್ಲಿಯದೇ? ಇಲ್ಲಿಯದಾದರೆ ಇದ್ದಲ್ಲಿಯೇ ಇರಲಿ. ಅಲ್ಲವಾದರೆ ಬಲ್ಲವರಿಗೆ ತಿಳಿಸಿ. ಅಂಗಡಿಯಲ್ಲಿ ಮುದ್ದಾಗಿ ಕಂಡ ಅಂಗೈಯಗಲದ ಆಮೆ ಹಲವು ದಶಕ ಬದುಕುತ್ತದೆಂಬುದನ್ನು ಕೊಳ್ಳುವ ಮೊದಲೇ ಮಕ್ಕಳಿಗೆ ಹೇಳಿ. ಕೆರೆಗೆ ಬಿಡಬೇಕಾದ ಸಂದರ್ಭವೇ ಆಗ ಬಾರದು.