ಮೊಟ್ಟೆಯಿಲ್ಲದ ನಾನ್‌ಖಟಾಯಿ

ಕಳೆದ ತಿಂಗಳು ಬೆಂಗಳೂರಿನಿಂದ ಬಂದ ಮೊಮ್ಮಗಳು, "ಅಜ್ಜಿ, ನಾನೀಗ ವೀಗನ್. ಹಾಲು, ಮೊಸರು, ತುಪ್ಪ ಯಾವುದೂ ಬೇಡ" ಎಂದಳು. ಅವಳಿಗೆಂದೇ ಬೆಣ್ಣೆ ಮುರುಕು ಕರಿದಿಟ್ಟಿದ್ದ ನಾನು ಪೆಚ್ಚಾದೆ. ಈ ಶಬ್ದವನ್ನು 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಬಳಕೆಗೆ ತಂದರೆಂದು ಅವಳೇ ತಿಳಿಸಿದಳು. ತರಗತಿಯಲ್ಲಿ ಇಸವಿ ತಪ್ಪಿದವರನ್ನು ನಿಲ್ಲಿಸುತ್ತಿದ್ದವಳಿಗೆ ಈಗ ಮೊಮ್ಮಗಳು ಇಸವಿ ಹೇಳಿಕೊಡುವ ಕಾಲ. ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕರೆ ಅಭ್ಯಂತರವಿಲ್ಲ.

ಇವಳಿಗೆ ಏನು ಮಾಡಿಕೊಡಲಿ ಎಂದು ಯೋಚಿಸುತ್ತಿದ್ದಾಗ ಕಿರುಗಾವಲಿನ ಗೆಳತಿಯ ಮನೆಯ ನಾನ್‌ಖಟಾಯಿ ನೆನಪಾಯಿತು.

1969ರ ರಂಜಾನ್ ಹಬ್ಬ ಡಿಸೆಂಬರಿನಲ್ಲಿ ಬಂದಿತ್ತು. ನಾವಿಬ್ಬರೂ ಐದನೆಯ ತರಗತಿ. ಅವಳ ತಾಯಿ ದಬರಿಯ ತಳಕ್ಕೆ ಮರಳು ಹಾಸಿ, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುವುದನ್ನು ನಾನು ಹೊರಗಿನಿಂದ ನೋಡಿದ್ದೆ. ಹಬ್ಬದ ಮರುದಿನ ಗೆಳತಿ ನಾಲ್ಕನ್ನು ಕಾಗದದಲ್ಲಿ ಕಟ್ಟಿ ಶಾಲೆಗೆ ತಂದುಕೊಟ್ಟಳು. ನಮ್ಮದು ಮೊಟ್ಟೆ ಮುಟ್ಟದ ಮನೆ. ಬಿಸ್ಕತ್ತೆಂದರೆ ಮೊಟ್ಟೆ ಎಂಬುದು ನಮ್ಮಜ್ಜಿಯ ಸಿದ್ಧಾಂತ. ಮನೆಗೆ ಹೋಗುವ ದಾರಿಯಲ್ಲಿ, ಹುಣಸೆ ಮರದ ಬುಡದಲ್ಲಿ, ಪೊಟ್ಟಣವನ್ನು ಎಸೆದೆ. ಮರುದಿನ ಅವಳು "ಹೇಗಿತ್ತೇ?" ಎಂದಾಗ "ಬಹಳ ಚೆನ್ನಾಗಿತ್ತು" ಎಂದೆ.

ಆ ಪೊಟ್ಟಣದಲ್ಲಿದ್ದುದು ಏನು? ಮೈದಾ, ಸಕ್ಕರೆ, ಡಾಲ್ಡಾ, ಏಲಕ್ಕಿ. ಇತಿಹಾಸದ ಅಧ್ಯಾಪಿಕೆಗೆ ಇಷ್ಟರಲ್ಲೇ ಒಂದು ಪಾಠವಿದೆ. 'ನಾನ್' ಎಂದರೆ ಪಾರ್ಸಿಯಲ್ಲಿ ರೊಟ್ಟಿ. ಸೂರತ್ತಿನಲ್ಲಿ ಡಚ್ಚರು ಬಿಟ್ಟುಹೋದ ಬೇಕರಿಯಿಂದ ಈ ತಿಂಡಿ ಹುಟ್ಟಿತು, ಕೊಳ್ಳುವವರು ಒಪ್ಪದ ಕಾರಣ ಮೊಟ್ಟೆಯನ್ನು ಬಿಟ್ಟರು ಎಂಬ ಕಥೆ ಪ್ರಚಲಿತವಾಗಿದೆ. ಗೋಧಿಯ ಕಥೆ ಬೇರೆ. 1960ರ ದಶಕದಲ್ಲಿ ಪಿ.ಎಲ್. 480 ಒಪ್ಪಂದದಡಿ ಅಮೆರಿಕದ ಗೋಧಿ ದೇಶಕ್ಕೆ ಹಡಗುಗಟ್ಟಲೆ ಬರುತ್ತಿದ್ದ ದಿನಗಳವು. ಸಕ್ಕರೆಗೆ ನಾವು ಹೊರಗೆ ನೋಡಬೇಕಾಗಿರಲಿಲ್ಲ. ಮೈಸೂರು ಸಕ್ಕರೆ ಕಂಪನಿ 1933ರಲ್ಲೇ ಮಂಡ್ಯದಲ್ಲಿ ಸ್ಥಾಪನೆಯಾಗಿತ್ತು. ಡಾಲ್ಡಾ 1937ರಲ್ಲಿ ಪೇಟೆಗೆ ಬಂದದ್ದು. ಸಸ್ಯಜನ್ಯ ಎಣ್ಣೆಗೆ ಜಲಜನಕವನ್ನು ಹಾಯಿಸಿ ತುಪ್ಪದಂತೆ ಗಟ್ಟಿಮಾಡಿದ ಪದಾರ್ಥ. ತಾಳೆಮರದ ಚಿತ್ರದ ಹಳದಿ ಡಬ್ಬ ಖಾಲಿಯಾದ ಮೇಲೆ ತುಳಸಿ ಗಿಡಕ್ಕೆ ಕುಂಡವಾದದ್ದು ಅನೇಕರಿಗೆ ನೆನಪಿರಬಹುದು.

ಅಂದರೆ ನಾನು ಎಸೆದ ತಿಂಡಿಯಲ್ಲಿ ಮೊಟ್ಟೆಯೂ ಇರಲಿಲ್ಲ, ಹಾಲೂ ಇರಲಿಲ್ಲ. ಮೊಮ್ಮಗಳ ಲೆಕ್ಕದಲ್ಲಿ ನಮ್ಮ ಮನೆಯ ಬೆಣ್ಣೆ ಮುರುಕಿಗಿಂತ ಅದೇ ಶುದ್ಧ ಸಸ್ಯಾಹಾರ!

ಆದರೆ ಮೊಟ್ಟೆ ಬರೀ ನೆಪವೆಂದು ಈಗ ಒಪ್ಪಿಕೊಳ್ಳಬೇಕು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ಯರು 1898ರಲ್ಲಿ ಬಿ.ಬಿ. ಬೇಕರಿ ಆರಂಭಿಸಿದರೆಂದು ಹೇಳುತ್ತಾರೆ. ಆ ಬಳಿಕ 'ಅಯ್ಯಂಗಾರ್ ಬೇಕರಿ' ಎಂಬ ಫಲಕವೇ ಮೊಟ್ಟೆಯಿಲ್ಲವೆಂಬ ಭರವಸೆಯಾಯಿತು. ನಮ್ಮ ಚಿಕ್ಕಪ್ಪ ಅಲ್ಲಿಂದ ತಂದ ಬಿಸ್ಕತ್ತನ್ನು ಅಜ್ಜಿ ಕಾಫಿಗೆ ಅದ್ದಿಕೊಂಡು ತಿನ್ನುತ್ತಿದ್ದರು. ಸಿದ್ಧಾಂತ ಆಗ ನೆನಪಾಗುತ್ತಿರಲಿಲ್ಲ. ಗೆಳತಿಯ ಮನೆಯಿಂದ ಬಂದ ಮಾವಿನ ಹಣ್ಣನ್ನೂ ಸಂತೋಷದಿಂದಲೇ ತೆಗೆದುಕೊಳ್ಳುತ್ತಿದ್ದರು. ಟಿಪ್ಪುವಿನ ಕಾಲದ್ದೆಂದು ಹೆಸರಾದ ಬಡಾ ಬಾಗ್ ತೋಪಿರುವ ನಮ್ಮೂರಿನಲ್ಲಿ ಮಾವಿಗೆ ಮೈಲಿಗೆಯಿರಲಿಲ್ಲ. ಒಲೆಯ ಮೇಲೆ ಬೆಂದದ್ದಕ್ಕೆ ಮಾತ್ರ ಇತ್ತು. ಅಜ್ಜಿಯನ್ನು ದೂರಿ ಪ್ರಯೋಜನವಿಲ್ಲ. ಎಸೆದ ಕೈ ನನ್ನದು.

ಸರಿ, ಮಾಡಿದೆ. ಡಾಲ್ಡಾ ಬೇಡವೆನಿಸಿತು. ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡೆಂದು ಸರಕಾರವೇ 2022ರಿಂದ ಅದಕ್ಕೆ ನೂರಕ್ಕೆ 2ರ ಮಿತಿ ಹಾಕಿದೆ. ಬದಲಿಗೆ ಕೊಬ್ಬರಿ ಎಣ್ಣೆ; ನಮ್ಮ ಸೀಮೆಯವರು ಅದನ್ನು ತಲೆಗೆ ಹಚ್ಚುವುದೇ ಹೆಚ್ಚು, ಆದರೂ ಬಿಸ್ಕತ್ತಿಗೆ ಒಗ್ಗುತ್ತದೆ. ಒಂದು ಲೋಟ ಹುರಿದ ರಾಗಿ ಹಿಟ್ಟು, ಒಂದು ಲೋಟ ಗೋಧಿ ಹಿಟ್ಟು, ಮುಕ್ಕಾಲು ಲೋಟ ಬೆಲ್ಲದ ಪುಡಿ, ಏಲಕ್ಕಿ, ಚಿಟಿಕೆ ಉಪ್ಪು, ಚಿಟಿಕೆ ಸೋಡಾ. ಉಂಡೆ ಕಟ್ಟಲು ಬೇಕಾದಷ್ಟು ಎಣ್ಣೆ. ದಬರಿಯಲ್ಲಿ ಮರಳು ಹಾಸಿ, ಸಣ್ಣ ಉರಿಯಲ್ಲಿ 25 ನಿಮಿಷ. ಮೊದಲ ಸಲ ತಳ ಸೀದುಹೋಯಿತು. ಎರಡನೆಯದು ಮೇಲೆ ಬಿರುಕುಬಿಟ್ಟು ಚೆನ್ನಾಗಿ ಬಂತು. ಮೊಮ್ಮಗಳು ಆರು ತಿಂದಳು.

ಉಳಿದವನ್ನು ಡಬ್ಬದಲ್ಲಿ ಹಾಕಿಕೊಂಡು ಮಳವಳ್ಳಿ ದಾರಿಯ ಬಸ್ಸು ಹತ್ತಿದೆ. ಗೆಳತಿಗೆ ಈಗ ಮಂಡಿನೋವು, ಹೊಸ್ತಿಲವರೆಗೆ ಮಾತ್ರ ಬಂದಳು. ಒಂದು ತುಂಡು ಬಾಯಿಗಿಟ್ಟಾಗ ನಾನು ಹುಣಸೆ ಮರದ ವಿಷಯವನ್ನು ಹೇಳಿಬಿಟ್ಟೆ. ಐವತ್ತಾರು ವರ್ಷ ಹೇಳದೆ ಉಳಿದ ಮಾತು.

"ಗೊತ್ತಿತ್ತು ಕಣೇ" ಎಂದಳು. "ಮರುದಿನ ಅದೇ ದಾರಿಯಲ್ಲಿ ಬಂದೆನಲ್ಲ, ಕಾಗದಕ್ಕೆ ಇರುವೆ ಮುತ್ತಿತ್ತು. ಅಮ್ಮನಿಗೆ ಹೇಳಲಿಲ್ಲ. ನೀನು ಎರಡು ಕೇಳಿ ತಿಂದೆ ಅಂತ ಹೇಳಿದೆ."

ನನಗೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಸೊಸೆ ಚಹಾ ತಂದಿಟ್ಟಳು. ಗೆಳತಿ ನನ್ನ ವೀಗನ್ ಬಿಸ್ಕತ್ತನ್ನು ಹಾಲು ಹಾಕಿದ ಚಹಾದಲ್ಲಿ ಅದ್ದಿ ತಿಂದು, "ರಾಗಿ ಸ್ವಲ್ಪ ಹೆಚ್ಚಾಯಿತು" ಎಂದು ಇನ್ನೊಂದಕ್ಕೆ ಕೈ ಹಾಕಿದಳು.