ಊಟಿ ಬಸ್ಸು, ನಡುವೆ ಬಂಡೀಪುರ

ಹಳೇ ಬೆಂಗಳೂರು ಪೇಟೆಯ ಪಶ್ಚಿಮಕ್ಕೆ ಕೆಂಗೇರಿ ಬಾಗಿಲಿತ್ತು. ಅದನ್ನು ದಾಟಿದರೆ ಮೈಸೂರು ದಾರಿ. ಬಾಗಿಲು ಹೋಯಿತು, ದಾರಿ ಉಳಿಯಿತು. 1892ರಲ್ಲಿ ಅದರ ಮಗ್ಗುಲಲ್ಲೇ ಚಾಮರಾಜಪೇಟೆ ಎದ್ದಿತು. 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರಗಳೂ ರೂಪುಗೊಂಡವು. ಈ ಬಡಾವಣೆಗಳವರು ಮುಂದೆ ಆನೆ, ಹುಲಿ ನೋಡಲು ಬಂಡೀಪುರಕ್ಕೆ ಹಿಡಿದದ್ದು ಇದೇ ದಾರಿ. ಸುಮಾರು 220 ಕಿಲೋಮೀಟರ್.

ಶುರುವಿನಲ್ಲಿ ಕಾಡಿಗೆಂದೇ ಹೊರಡುವವರು ಕಡಿಮೆ. ಊಟಿಗೆ ಹೋಗುವಾಗ ಕಾಡು ಸಿಗುತ್ತಿತ್ತು, ಅಷ್ಟೆ. ಮೈಸೂರಿನ ಅರಸರಿಗೆ ಊಟಿಯಲ್ಲಿ ಫರ್ನ್‌ಹಿಲ್ ಅರಮನೆಯಿತ್ತು. ಬಿಳಿಯ ಅಧಿಕಾರಿಗಳಿಗೆ ಬೇಸಿಗೆಯ ತಂಪು ಬೇಕಿತ್ತು.

ರೈಲು ಈ ಕಾಡಿನ ಹತ್ತಿರ ಬಂದು ಮುಖ ತಿರುಗಿಸಿತು. 1882ರಲ್ಲಿ ಮೀಟರ್ ಗೇಜ್ ಹಳಿ ಬೆಂಗಳೂರಿನಿಂದ ಮೈಸೂರು ಮುಟ್ಟಿತು, 1891ರಲ್ಲಿ ನಂಜನಗೂಡು. ಅಲ್ಲಿ ಕಪಿಲೆಗೆ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇತ್ತು. ಎತ್ತಿನಗಾಡಿಯ ಕಾಲದ ಆ ಸೇತುವೆಯ ಮೇಲೆಯೇ ರೈಲೂ ಓಡಿತು, ಇಂಗ್ಲಿಷ್ ಇಂಜಿನಿಯರುಗಳಿಗೆ ಅದರಲ್ಲಿ ತಪ್ಪು ಕಾಣಲಿಲ್ಲವೆಂದರೆ ಕಟ್ಟಿದವರ ಕೈಗುಣವನ್ನು ಮೆಚ್ಚಲೇಬೇಕು. ಆದರೆ ಹಳಿ ಮುಂದೆ ದಕ್ಷಿಣಕ್ಕೆ ಹೋಗದೆ 1926ರಲ್ಲಿ ಚಾಮರಾಜನಗರದ ಕಡೆ ಹೊರಳಿಕೊಂಡಿತು. ಊಟಿ ದಾರಿಯಲ್ಲಿ ಕಾಡಿಗೆ ಮುಂಚೆ ಸಿಗುವ ಗುಂಡ್ಲುಪೇಟೆಗೆ ರೈಲು ಬರಲೇ ಇಲ್ಲ. ಕಾಡಿನವರೆಗೆ ಉಳಿದದ್ದು ರಸ್ತೆಯೊಂದೇ.

ಕಾಡಿಗೆ ಮೊದಲು ಬೇಲಿಯ ಗುರುತು ಬಿದ್ದದ್ದು 1931ರಲ್ಲಿ. ಅರಸರು 90 ಚದರ ಕಿಲೋಮೀಟರ್ ಜಾಗವನ್ನು ರಕ್ಷಿತವೆಂದು ಸಾರಿದರು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿ ‘ವೇಣುಗೋಪಾಲ ವನ್ಯಜೀವಿ ಉದ್ಯಾನ’ವಾಯಿತು. ಹೆಸರು ಕೊಟ್ಟವನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಕೊಳಲು ಹಿಡಿದು ನಿಂತ ದೇವರು. 1973ರಲ್ಲಿ ಹುಲಿ ಯೋಜನೆ ಆರಿಸಿಕೊಂಡ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಕಾರಿಲ್ಲದವರ ಪಾಲಿಗೆ ಬಾಗಿಲು ತೆರೆದದ್ದು ಮಾತ್ರ ಕೆಂಪು ಬಸ್ಸು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು, 1961ರಲ್ಲಿ ನಿಗಮವಾಯಿತು. ಬಂಡೀಪುರದ ವಿಶೇಷವೆಂದರೆ, ಅರಣ್ಯ ಇಲಾಖೆಯ ಕಚೇರಿ, ಅತಿಥಿಗೃಹಗಳು ಹೆದ್ದಾರಿಯ ಅಂಚಿನಲ್ಲೇ ಇದ್ದವು. ಊಟಿ ಬಸ್ಸು ಹತ್ತಿ, ಕಂಡಕ್ಟರಿಗೆ ಮೊದಲೇ ಹೇಳಿಟ್ಟು, ಚೀಲ ಹಿಡಿದು ಇಳಿದರೆ ಕಾಡಿನೊಳಗೇ ಇಳಿದಂತೆ. ಸಫಾರಿಗೆ ಇಲಾಖೆಯದೇ ವಾಹನ. ದೊಡ್ಡ ಹುಲಿಕಾಡೊಂದಕ್ಕೆ ಲೈನ್ ಬಸ್ಸಿನಲ್ಲಿ ಹೋಗಿ ಬರುವ ಸುಖ ದೇಶದಲ್ಲಿ ಹೆಚ್ಚು ಕಡೆ ಇರಲಿಲ್ಲ. ದಾರಿಯಲ್ಲಿ ಮದ್ದೂರು ವಡೆಯಂತೂ ಇದ್ದೇ ಇತ್ತು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಹುಟ್ಟಿದ್ದೆಂದು ಹೇಳುವ ಆ ವಡೆ ಬಸ್ಸಿನವರಿಗೂ ಅಷ್ಟೇ ಹತ್ತಿರದ್ದು.

ಬಸ್ಸು ತಪ್ಪಿದರೆ ಲಾರಿ. ಗುಂಡ್ಲುಪೇಟೆ, ತೆರಕಣಾಂಬಿಗಳ ತರಕಾರಿ ಕೇರಳಕ್ಕೂ ನೀಲಗಿರಿಗೂ ಹೋಗುತ್ತದೆ. ಡ್ರೈವರಿಗೆ ಚಿಲ್ಲರೆ ಕಾಸು ಕೊಟ್ಟು ಕ್ಯಾಬಿನ್ನಿನಲ್ಲಿ ಕೂರುವುದು ಎಲ್ಲ ಹೆದ್ದಾರಿಗಳ ಹಳೆಯ ವ್ಯವಹಾರ, ಇಲ್ಲಿಯೂ ಹೊಸದಲ್ಲ. ಈಗ ಕಾಡಿನೊಳಗೆ ಕೈ ಅಡ್ಡ ಹಿಡಿದು ಲಿಫ್ಟ್ ಕೇಳುವ ಮಾತೇ ಇಲ್ಲ. ಅಲ್ಲಿ ಗಾಡಿ ನಿಲ್ಲಿಸಿದರೆ ದಂಡ.

ಸಂಚಾರ ಹೆಚ್ಚಿದಂತೆ ರಾತ್ರಿ ಚಕ್ರಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳೂ ಹೆಚ್ಚಿದವು. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು, ಹೈಕೋರ್ಟು ಅದನ್ನು ಮತ್ತೆ ಜಾರಿಗೆ ತಂದು, 2010ರಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸಿಗೂ ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಇದೇ ಕಾಡಿನ ಮೂಲಕ ಕೇರಳಕ್ಕೆ ಹೋಗುವ ರಸ್ತೆಯನ್ನು ನೆಚ್ಚಿದ ವಯನಾಡಿನವರಿಗೆ ಇದು ಸಹಿಸಲಾಗದ ಮಾತು, 2019ರಲ್ಲಿ ಅಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ಅವರ ಕಷ್ಟ ಸುಳ್ಳಲ್ಲ, ಆನೆಗಳದ್ದೂ ಸುಳ್ಳಲ್ಲ.

ಕಾಡಿನಲ್ಲಿ ಕಾರುಗಳ ಕಾಟಕ್ಕೆ ಬಸ್ಸೇ ಮದ್ದಾದದ್ದೂ ಉಂಟು. ಅಲಾಸ್ಕದ ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ 1972ರಲ್ಲಿ ಹೊಸ ಹೆದ್ದಾರಿ ಬಂದಾಗ ಅಲ್ಲಿನವರು ಕಾರುಗಳನ್ನು ಉದ್ಯಾನದ ರಸ್ತೆಯ ಮೊದಲ ಭಾಗದಲ್ಲೇ ತಡೆದು ಮುಂದಕ್ಕೆ ಬಸ್ಸು ಓಡಿಸಿದರು. ಗೋಪಾಲಸ್ವಾಮಿ ಬೆಟ್ಟದಲ್ಲಿ ಇಂದು ನಡೆಯುತ್ತಿರುವುದೂ ಅದೇ: ಕಾರು ತಪ್ಪಲಲ್ಲಿ, ಭಕ್ತರು ಸಾರಿಗೆ ಬಸ್ಸಿನಲ್ಲಿ. ಬಸ್ಸಿನಿಂದ ಕಾರಿಗೆ ಬಡ್ತಿ ಪಡೆದ ಬಸವನಗುಡಿಯ ಸಂಸಾರ ಕೊನೆಯ ಏರಿಗೆ ಮತ್ತೆ ಬಸ್ಸಿನ ಸಾಲಿನಲ್ಲಿ ನಿಲ್ಲುತ್ತದೆ.

ಇತ್ತ ನಗರದ ಕಡೆಯ ದಾರಿ ಮಾತ್ರ ಓಡುತ್ತಲೇ ಇದೆ. 2023ರ ಮಾರ್ಚಿನಲ್ಲಿ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆಯಿತು. ಅದೇ ಆಗಸ್ಟಿನಿಂದ ಬೈಕು, ಆಟೊಗಳಿಗೆ ಸರ್ವೀಸ್ ರಸ್ತೆಯೇ ಗತಿ. ಮದ್ದೂರು ಊರನ್ನು ಬೈಪಾಸು ಬದಿಗೆ ಸರಿಸಿತು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇನ್ನೊಂದು ಮದ್ದೂರಿದೆ, ಕೇರಳದ ರಸ್ತೆಯ ಚೆಕ್‌ಪೋಸ್ಟ್ ಅಲ್ಲಿದೆ. ಊಟಿ ರಸ್ತೆಯದು ಮೇಲುಕಾಮನಹಳ್ಳಿಯಲ್ಲಿ. ಚಾಮರಾಜಪೇಟೆಯಿಂದ ಸಂಜೆ ಆರರ ಹೊತ್ತಿಗೆ ಹೊರಟವನು ಎಷ್ಟೇ ಜೋರಾಗಿ ಓಡಿಸಿದರೂ ಅಲ್ಲಿಗೆ ಬರುವಷ್ಟರಲ್ಲಿ ಗೇಟು ಬಿದ್ದಿರುತ್ತದೆ, ಲಾರಿಗಳು ಸಾಲುಗಟ್ಟಿರುತ್ತವೆ. ಇನ್ನು ಬೆಳಗಿನ ಆರು ಗಂಟೆಯವರೆಗೆ ರಸ್ತೆ ಆನೆಯದು.